ಗ್ರೈಂಡರ್ ಹಾಕಿದೊಡನೆ ಅರ್ಧ ಮನೆ ಆರಿಹೋಗುವುದೇಕೆ: ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಆರ್‌ಸಿಡಿ ದೋಷ ಪತ್ತೆ ಮಾಡುವ ಬಗೆ

ದೋಷದ ಲಕ್ಷಣವನ್ನು ಮೊದಲು ಹೇಳುತ್ತೇನೆ. ಊರಿನಿಂದ ತಂದ ಗ್ರೈಂಡರ್ ಅಥವಾ ಮಿಕ್ಸಿಯ ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದ ಕೂಡಲೇ, ಇಲ್ಲವೇ ಐದು ನಿಮಿಷ ಓಡಿದ ಮೇಲೆ, ‘ಟಕ್’ ಎಂಬ ಒಂದೇ ಸದ್ದಿನೊಂದಿಗೆ ಅಡುಗೆಮನೆಯಷ್ಟೇ ಅಲ್ಲ, ಅರ್ಧ ಮನೆಯೇ ಆರಿಹೋಗುತ್ತದೆ. ಫ್ರಿಜ್ ನಿಲ್ಲುತ್ತದೆ, ಇಂಟರ್ನೆಟ್ ಹೋಗುತ್ತದೆ, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿರುವ ಸ್ವಿಚ್ ಪೆಟ್ಟಿಗೆಯಲ್ಲಿ ಉಳಿದವುಗಳಿಗಿಂತ ಅಗಲವಾದ ಒಂದು ಸ್ವಿಚ್ ಕೆಳಗೆ ಬಿದ್ದಿರುತ್ತದೆ. ಅದೇ ಆರ್‌ಸಿಡಿ, ಅಂದರೆ ಕರೆಂಟು ಎಲ್ಲಾದರೂ ಸೋರಿದರೆ ತಾನಾಗಿ ಬೀಳುವ ಸುರಕ್ಷಾ ಸ್ವಿಚ್. ಎತ್ತಿದರೆ ಒಮ್ಮೊಮ್ಮೆ ನಿಲ್ಲುತ್ತದೆ, ಒಮ್ಮೊಮ್ಮೆ ಮತ್ತೆ ಬೀಳುತ್ತದೆ.

ಹೀಗಾದಾಗ ನಮ್ಮವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಈ ದೇಶದ ಕರೆಂಟಿಗೆ ನಮ್ಮ ಗ್ರೈಂಡರ್ ಹೊಂದುವುದಿಲ್ಲ ಎನ್ನುವುದು ಒಂದು, ಈ ಮನೆಯ ವೈರಿಂಗ್ ಸರಿಯಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ಖಂಡಿತ ತಪ್ಪು. ಬ್ರಿಟನ್ನಿನಲ್ಲೂ ಭಾರತದಲ್ಲೂ ಮನೆಗೆ ಬರುವುದು 230 ವೋಲ್ಟಿನ, 50 ಹರ್ಟ್ಜ್‌ನ ವಿದ್ಯುತ್ತೇ. ಅಮೆರಿಕದ 120 ವೋಲ್ಟಿನಲ್ಲಿ ಇದೇ ಗ್ರೈಂಡರ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮಿಸುಕಾಡುವುದಿಲ್ಲ, ಇಲ್ಲಿ ಆ ತೊಂದರೆ ಇಲ್ಲ. ಎರಡನೆಯ ತೀರ್ಮಾನ ಕೆಲವೊಮ್ಮೆ ನಿಜವಿರಬಹುದು, ಆದರೆ ಅದನ್ನು ಪರೀಕ್ಷಿಸಿ ಹೇಳಬೇಕೇ ಹೊರತು ಊಹಿಸಿ ಹೇಳಬಾರದು. ಮೂರನೆಯ ಸಾಧ್ಯತೆಯೊಂದಿದೆ. ನನ್ನ ಅನುಭವದಲ್ಲಿ ಹೆಚ್ಚು ಸಲ ಕಂಡದ್ದು ಅದೇ: ಗ್ರೈಂಡರಿನಲ್ಲಿ ದೋಷ ಊರಿನಲ್ಲಿದ್ದಾಗಲೇ ಇತ್ತು, ಅದನ್ನು ಹೇಳುವ ಸಾಧನ ಅಲ್ಲಿನ ಮನೆಯಲ್ಲಿರಲಿಲ್ಲ.

ಅಕ್ಕನ ಮನೆಯಲ್ಲಿ ಕಂಡದ್ದು

ರೆಡಿಂಗ್ ಪಟ್ಟಣದಲ್ಲಿರುವ ನನ್ನ ಅಕ್ಕನ ಮನೆಯ ಪ್ರಸಂಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಮೈಸೂರಿನಿಂದ ತಂದ, ಮೇಜಿನ ಮೇಲಿಡುವ ಗ್ರೈಂಡರ್ ಅವರಲ್ಲಿ ಎರಡು ವರ್ಷದಿಂದ ಓಡುತ್ತಿತ್ತು. ಊರಿನ ದುಂಡು ಪಿನ್ನುಗಳ ಪ್ಲಗ್ಗನ್ನು ಪ್ರಯಾಣಿಕರು ಬಳಸುವ ಸಣ್ಣ ಅಡಾಪ್ಟರಿಗೆ ಸಿಕ್ಕಿಸಿ, ಅದನ್ನು ಗೋಡೆಯ ಸಾಕೆಟ್ಟಿಗೆ ಹಾಕುತ್ತಿದ್ದರು. ಅಡಾಪ್ಟರ್ ಸಡಿಲವಾಗಿ ಅಲ್ಲಾಡುತ್ತಿದ್ದುದನ್ನು ನೋಡಿ ನಾನು ಹಳೆಯ ಪ್ಲಗ್ಗನ್ನು ಕತ್ತರಿಸಿ, ಇಲ್ಲಿನ ಚೌಕ ಪಿನ್ನಿನ ಪ್ಲಗ್ ಕೂಡಿಸಿಕೊಟ್ಟೆ. ಮರುದಿನ ಬೆಳಿಗ್ಗೆ ಉದ್ದಿನಬೇಳೆ ಹಾಕಿ ಸ್ವಿಚ್ ಒತ್ತಿದೊಡನೆ ಮನೆಯ ಕರೆಂಟ್ ಹೋಯಿತು. ಭಾವ ಫೋನ್ ಮಾಡಿ, “ಹಳೇ ಅಡಾಪ್ಟರ್‌ನಲ್ಲಿ ಎರಡು ವರ್ಷ ಓಡಿದೆ ಕಣಪ್ಪ, ಈಗ ಮತ್ತೆ ಅದನ್ನೇ ಹಾಕಿ ನೋಡಿದೆ, ಚೆನ್ನಾಗೇ ಓಡ್ತಿದೆ. ನೀನು ಹಾಕಿದ ಪ್ಲಗ್ಗೇ ಸರಿಯಿಲ್ಲ” ಎಂದರು. ಕತ್ತರಿಸಿದ ಪ್ಲಗ್ಗಿನಿಂದ ಹೇಗೆ ಓಡಿಸಿದಿರಿ ಎಂದು ಕೇಳಿದರೆ, ನಾನು ಬಿಟ್ಟುಬಂದಿದ್ದ ತುಂಡಿಗೆ ತಂತಿ ಸುತ್ತಿ ಟೇಪು ಹಚ್ಚಿದ್ದರು. ಅಷ್ಟರಲ್ಲಿ ಅಕ್ಕ ಪಕ್ಕದಿಂದ, “ಡ್ರಮ್ ಒರೆಸುವಾಗ ಒಂದೊಂದ್ ಸಲ ಬೆರಳಿಗೆ ಜುಮ್ ಅನ್ನುತ್ತಿತ್ತು ಕಣೋ, ಚಳಿಗೆ ಇರಬೇಕು ಅಂದ್ಕೊಂಡಿದ್ದೆ” ಎಂದಳು. ಪ್ಲಗ್ ತಕ್ಷಣ ಕಿತ್ತುಬಿಡಿ, ನಾನು ಬರುವವರೆಗೆ ಮುಟ್ಟಬೇಡಿ ಎಂದು ಹೇಳಿ ಹೊರಟೆ.

ಆ ‘ಜುಮ್’ ಎನ್ನುವುದೇ ಇಡೀ ದೋಷದ ಕೀಲಿಕೈ. ಮೋಟಾರಿನ ಸುರುಳಿಯ ನಿರೋಧಕ ಪದರ ಹಾಳಾಗಿ, ಕರೆಂಟು ಗ್ರೈಂಡರಿನ ಲೋಹದ ಚೌಕಟ್ಟಿಗೂ ಅಲ್ಲಿಂದ ಡ್ರಮ್ಮಿಗೂ ಸೋರುತ್ತಿತ್ತು. ಅವರ ಅಡಾಪ್ಟರಿನಲ್ಲಿ ಅರ್ತ್ ಸಂಪರ್ಕವೇ ಇರಲಿಲ್ಲ. ನಮ್ಮ ಪ್ಲಗ್ಗಿನ ಮೇಲಿನ ದಪ್ಪ ಪಿನ್ ಅದರೊಳಗೆ ಪ್ಲಾಸ್ಟಿಕ್ ತೂತೊಂದಕ್ಕೆ ಸುಮ್ಮನೆ ಇಳಿದು ಕೂರುತ್ತಿತ್ತು. ಹೀಗಾಗಿ ಸೋರಿದ ಕರೆಂಟಿಗೆ ನೆಲಕ್ಕೆ ಹೋಗುವ ದಾರಿ ಇಲ್ಲದೆ, ಆರ್‌ಸಿಡಿಗೆ ಏನೂ ತಿಳಿಯುತ್ತಿರಲಿಲ್ಲ. ನಾನು ಹಾಕಿದ ಪ್ಲಗ್ಗಿನಲ್ಲಿ ಅರ್ತ್ ತಂತಿ ಸರಿಯಾಗಿ ಸೇರಿದ್ದರಿಂದಲೇ ದಾರಿ ಸಿಕ್ಕಿತು, ಆರ್‌ಸಿಡಿ ಬಿದ್ದಿತು. ಅಂದರೆ ಮನೆಯವರು ಯಾವುದನ್ನು ‘ಚೆನ್ನಾಗಿ ಓಡುತ್ತಿದೆ’ ಎಂದುಕೊಂಡಿದ್ದರೋ ಅದೇ ಅಪಾಯದ ಸ್ಥಿತಿ, ಯಾವುದನ್ನು ‘ಕೆಟ್ಟಿದೆ’ ಎಂದರೋ ಅದೇ ಸುರಕ್ಷಿತ ಸ್ಥಿತಿ. ಒಂದು ಕೈ ಡ್ರಮ್ಮಿನ ಮೇಲೂ ಇನ್ನೊಂದು ಕೈ ಸ್ಟೀಲ್ ಸಿಂಕಿನ ನಲ್ಲಿಯ ಮೇಲೂ ಇದ್ದಿದ್ದರೆ ಆ ಕರೆಂಟು ಎದೆಯ ಮೂಲಕ ದಾರಿ ಮಾಡಿಕೊಳ್ಳುತ್ತಿತ್ತು. ಅಕ್ಕನ ಕಾಲಲ್ಲಿ ಚಪ್ಪಲಿ, ನೆಲಕ್ಕೆ ವಿನೈಲ್ ಹಾಸು ಇದ್ದದ್ದರಿಂದ ಬೆರಳು ಜುಮ್ಮೆಂದಷ್ಟಕ್ಕೇ ಉಳಿಯಿತು.

ಆರ್‌ಸಿಡಿ ನಿಜವಾಗಿ ಏನು ಮಾಡುತ್ತದೆ

ಆರ್‌ಸಿಡಿಯನ್ನು ತಕ್ಕಡಿಯಂತೆ ಭಾವಿಸಿಕೊಳ್ಳಬೇಕು. ಫೇಸ್ ತಂತಿಯಲ್ಲಿ ಎಷ್ಟು ಕರೆಂಟು ಹೋಯಿತೋ ಅಷ್ಟೇ ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ವ್ಯತ್ಯಾಸ ಬಂದರೆ, ಅಷ್ಟು ಕರೆಂಟು ಬೇರೆಲ್ಲೋ ಸೋರುತ್ತಿದೆ ಎಂದರ್ಥ. ಮನೆಗಳಲ್ಲಿ ಬಳಸುವುದು 30 ಮಿಲಿಆಂಪಿಯರಿನ ಆರ್‌ಸಿಡಿ, ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 230 ವೋಲ್ಟನ್ನು 0.03 ಆಂಪಿಯರಿನಿಂದ ಭಾಗಿಸಿದರೆ ಸುಮಾರು 7,700 ಓಮ್ ಬರುತ್ತದೆ. ಫೇಸಿಗೂ ಅರ್ತಿಗೂ ನಡುವಿನ ನಿರೋಧ ಅಷ್ಟಕ್ಕೆ ಇಳಿಯಿತೆಂದರೆ ಆರ್‌ಸಿಡಿ ನಿಲ್ಲಲಾರದು. ಸುಸ್ಥಿತಿಯಲ್ಲಿರುವ ಉಪಕರಣದಲ್ಲಿ ಈ ನಿರೋಧ ಕನಿಷ್ಠ 10 ಲಕ್ಷ ಓಮ್, ಅಂದರೆ ಒಂದು ಮೆಗಾಓಮ್ ಇರಬೇಕು.

ಅದೇ ಪೆಟ್ಟಿಗೆಯಲ್ಲಿರುವ ಸಣ್ಣ ಸ್ವಿಚ್ಚುಗಳು ಎಂಸಿಬಿಗಳು. ಅವು ಬೀಳುವುದು ಸೋರಿಕೆಗಲ್ಲ, ಮಿತಿಮೀರಿದ ಹೊರೆಗೆ ಅಥವಾ ಶಾರ್ಟ್ ಸರ್ಕ್ಯೂಟಿಗೆ. ದೀಪಗಳಿಗೆ 6 ಆಂಪಿಯರಿನದು, ಸಾಕೆಟ್ಟುಗಳ ಸುತ್ತುಮಾರ್ಗಕ್ಕೆ 32 ಆಂಪಿಯರಿನದು ಎಂಬುದು ಇಲ್ಲಿನ ಸಾಮಾನ್ಯ ಕ್ರಮ. ಕೆಲವು ಹೊಸ ಮನೆಗಳಲ್ಲಿ ಎರಡೂ ಕೆಲಸವನ್ನು ಒಂದೇ ಸ್ವಿಚ್ ಮಾಡುತ್ತದೆ, ಅದನ್ನು ಆರ್‌ಸಿಬಿಒ ಎನ್ನುತ್ತಾರೆ. ಅಂಥ ಮನೆಯಲ್ಲಿ ದೋಷವಿರುವ ಒಂದು ಮಾರ್ಗ (ಸರ್ಕ್ಯೂಟ್) ಮಾತ್ರ ಆರುತ್ತದೆ. ಯಾವ ಬಗೆಯ ಸ್ವಿಚ್ ಬಿದ್ದಿದೆ ಎಂದು ನೋಡದೆ ಎತ್ತಿಬಿಡುವವರು ಅರ್ಧ ಉತ್ತರವನ್ನು ಅಲ್ಲಿಯೇ ಕಳೆದುಕೊಳ್ಳುತ್ತಾರೆ. ಎತ್ತುವ ಮೊದಲು ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಯಾವ ಸ್ವಿಚ್ಚೂ ಬಿದ್ದಿಲ್ಲದೆ ಮನೆಯೆಲ್ಲ ಕತ್ತಲಾಗಿದ್ದರೆ ದೋಷ ನಿಮ್ಮದಲ್ಲದಿರಬಹುದು. ಬೀದಿದೀಪಗಳನ್ನೂ ಎದುರು ಮನೆಯ ಕಿಟಕಿಯನ್ನೂ ನೋಡಿ, ಅಲ್ಲಿಯೂ ಕತ್ತಲಿದ್ದರೆ ಕರೆಂಟು ಹೋದದ್ದನ್ನು ತಿಳಿಸುವ ಸಹಾಯವಾಣಿ 105ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮೀಟರಿನ ಬಳಿ ಮೊಹರು ಹಾಕಿರುವ ಮುಖ್ಯ ಫ್ಯೂಸ್ ವಿತರಣಾ ಸಂಸ್ಥೆಯ ಸ್ವತ್ತು, ಅದನ್ನು ಮನೆಯವರಾಗಲಿ ಮಾಲೀಕರಾಗಲಿ ಮುಟ್ಟುವಂತಿಲ್ಲ.

ದೋಷವನ್ನು ಒಂದೇ ಮಾರ್ಗಕ್ಕೆ, ಆಮೇಲೆ ಒಂದೇ ಉಪಕರಣಕ್ಕೆ ಇಳಿಸುವುದು

ಸುಟ್ಟ ವಾಸನೆ, ಕರಿಹಿಡಿದ ಸಾಕೆಟ್, ಪೆಟ್ಟಿಗೆಯಿಂದ ಗುಂಯ್‌ಗುಡುವ ಸದ್ದು ಅಥವಾ ನೀರು ತೊಟ್ಟಿಕ್ಕುವುದು ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆಗೆ ಇಳಿಯದೆ, ಮೇನ್ ಸ್ವಿಚ್ ಇಳಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು. ಅಂಥದ್ದೇನೂ ಇಲ್ಲದಿದ್ದರೆ ಮುಂದಿನ ಕ್ರಮವನ್ನು ಯಾರಾದರೂ ಒಣ ಕೈಯಿಂದ, ಯಾವ ಮುಚ್ಚಳವನ್ನೂ ತೆರೆಯದೆ ಮಾಡಬಹುದು.

ಮೊದಲು ಆರ್‌ಸಿಡಿಯ ಅಡಿಯಲ್ಲಿರುವ ಎಲ್ಲ ಎಂಸಿಬಿಗಳನ್ನು ಇಳಿಸಿ, ಬಳಿಕ ಆರ್‌ಸಿಡಿಯನ್ನು ಎತ್ತಬೇಕು. ಅದು ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ, ನಡುವೆ ಅರ್ಧ ನಿಮಿಷ ಬಿಟ್ಟು ಎತ್ತುತ್ತ ಹೋಗಬೇಕು. ಯಾವುದನ್ನು ಎತ್ತಿದಾಗ ಆರ್‌ಸಿಡಿ ಬೀಳುತ್ತದೋ ದೋಷ ಆ ಮಾರ್ಗದಲ್ಲಿದೆ. ಅದೊಂದನ್ನು ಇಳಿಸಿಟ್ಟು ಉಳಿದ ಮನೆಗೆ ಕರೆಂಟ್ ಕೊಡಬಹುದು. ಫ್ರಿಜ್ ಅದೇ ಮಾರ್ಗದಲ್ಲಿದ್ದರೆ ಎಕ್ಸ್‌ಟೆನ್ಷನ್ ತಂತಿಯಿಂದ ಬೇರೆ ಮಾರ್ಗದ ಸಾಕೆಟ್ಟಿಗೆ ತಾತ್ಕಾಲಿಕವಾಗಿ ಜೋಡಿಸಿ. ಆದರೆ ಫ್ರಿಜ್ಜೇ ದೋಷಿಯಾಗಿರುವ ಸಾಧ್ಯತೆಯನ್ನು ಮರೆಯಬಾರದು.

ಇನ್ನು ಆ ಮಾರ್ಗದ ಸಾಕೆಟ್ಟುಗಳಿಂದ ಪ್ರತಿಯೊಂದು ಪ್ಲಗ್ಗನ್ನೂ ಕೀಳಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಸಾಕೆಟ್ಟಿನ ಸ್ವಿಚ್ ಆರಿಸಿದರೆ ಸಾಕು ಎಂದುಕೊಳ್ಳುತ್ತಾರೆ, ಆದರೆ ಅನೇಕ ಸಾಕೆಟ್ಟುಗಳ ಸ್ವಿಚ್ ಫೇಸ್ ತಂತಿಯನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಕೂಡಿಕೊಂಡೇ ಇರುತ್ತದೆ. ಉಪಕರಣದ ಒಳಗೆ ನ್ಯೂಟ್ರಲ್ಲೂ ಅರ್ತ್ ತಂತಿಯೂ ಒಂದಕ್ಕೊಂದು ತಾಗಿದ್ದರೆ, ಆ ಉಪಕರಣ ಆರಿಸಿಟ್ಟಿದ್ದಾಗಲೂ ಮನೆಯಲ್ಲಿ ಬೇರೆ ಯಾರೋ ಕೆಟಲ್ ಹಾಕಿದ ಕ್ಷಣಕ್ಕೆ ಆರ್‌ಸಿಡಿ ಬೀಳುತ್ತದೆ. ಆಗ ಎಲ್ಲರ ಅನುಮಾನ ಕೆಟಲ್ಲಿನ ಮೇಲೆ, ಅಪರಾಧಿ ಮೂಲೆಯಲ್ಲಿ ಸುಮ್ಮನೆ ಕುಳಿತ ಹಳೆಯ ಇಸ್ತ್ರಿಪೆಟ್ಟಿಗೆ. ಇದೇ ಕಾರಣಕ್ಕೆ ಎಲ್ಲ ಎಂಸಿಬಿ ಇಳಿಸಿದ ಮೇಲೂ ಆರ್‌ಸಿಡಿ ನಿಲ್ಲದಿರಬಹುದು, ಏಕೆಂದರೆ ಎಂಸಿಬಿಯೂ ಸಾಮಾನ್ಯವಾಗಿ ಫೇಸನ್ನಷ್ಟೇ ಕತ್ತರಿಸುತ್ತದೆ. ಆದುದರಿಂದ ಸ್ವಿಚ್ ಆರಿಸುವುದಲ್ಲ, ಪ್ಲಗ್ ಕೀಳಬೇಕು. ವಾಷಿಂಗ್ ಮಷಿನ್ನಿನ ಹಿಂದೆ, ಫ್ರಿಜ್ಜಿನ ಹಿಂದೆ, ಮಂಚದ ಕೆಳಗೆ ಮರೆತ ಫೋನ್ ಚಾರ್ಜರ್, ಎಲ್ಲವನ್ನೂ.

ಎಲ್ಲವನ್ನೂ ಕಿತ್ತ ಮೇಲೂ ಆರ್‌ಸಿಡಿ ಬೀಳುತ್ತಿದ್ದರೆ ದೋಷ ಗೋಡೆಯೊಳಗಿನ ವೈರಿಂಗಿನಲ್ಲಿ ಅಥವಾ ಪ್ಲಗ್ ಇಲ್ಲದೆ ನೇರವಾಗಿ ಜೋಡಿಸಿದ ಉಪಕರಣದಲ್ಲಿದೆ ಎಂದಾಯಿತು. ಬಾಡಿಗೆದಾರರ ಕೆಲಸ ಅಲ್ಲಿಗೆ ಮುಗಿಯಿತು, ಮುಂದಿನದು ಮಾಲೀಕರದು. ಆರ್‌ಸಿಡಿ ನಿಂತರೆ ಉಪಕರಣಗಳನ್ನು ಒಂದೊಂದಾಗಿ ಹಾಕಿ, ಪ್ರತಿಯೊಂದನ್ನೂ ಅದರ ಪೂರ್ಣ ಕೆಲಸದವರೆಗೆ ಓಡಿಸಿ ನೋಡಬೇಕು. ವಾಷಿಂಗ್ ಮಷಿನ್ ನೀರು ತುಂಬಿಕೊಳ್ಳುವಾಗ ಸುಮ್ಮನಿದ್ದು, ನೀರು ಕಾಯಿಸುವ ಹಂತಕ್ಕೆ ಬಂದಾಗ ಬೀಳಿಸುತ್ತದೆ. ಫ್ರಿಜ್ ಮಂಜುಗಡ್ಡೆ ಕರಗಿಸುವ ತನ್ನ ಹೀಟರನ್ನು ಗಂಟೆಗಳಿಗೊಮ್ಮೆ ಹಾಕಿಕೊಳ್ಳುವಾಗ ಮಾತ್ರ ಬೀಳಿಸುತ್ತದೆ. ತಿಂಗಳುಗಟ್ಟಲೆ ಬಳಸದ ಅವನ್ನಿನ ಕಾಯಿಸುವ ಕೊಳವೆಯೊಳಗಿನ ಪುಡಿ ಗಾಳಿಯ ತೇವ ಹೀರಿಕೊಂಡು ಮೊದಲ ಕೆಲವು ನಿಮಿಷಗಳಲ್ಲಿ ಬೀಳಿಸುತ್ತದೆ. ಆದ್ದರಿಂದ ಬಿದ್ದ ಹೊತ್ತನ್ನೂ ಆಗ ಏನು ಓಡುತ್ತಿತ್ತು ಎಂಬುದನ್ನೂ ಬರೆದಿಟ್ಟುಕೊಂಡರೆ ದೋಷ ತಾನಾಗಿ ಮುಖ ತೋರಿಸುತ್ತದೆ. ಮಳೆ ಬಂದಾಗಲೆಲ್ಲ ಬಿದ್ದರೆ ಹಿತ್ತಲಿನ ದೀಪವನ್ನೂ ಹೊರಗೋಡೆಯ ಸಾಕೆಟ್ಟನ್ನೂ, ಬೆಳಗಿನ ಜಾವ ಬಿಸಿನೀರಿನ ಹೊತ್ತಿಗೆ ಬಿದ್ದರೆ ನೀರಿನ ಟ್ಯಾಂಕಿನ ಇಮ್ಮರ್ಷನ್ ಹೀಟರನ್ನೂ ಅನುಮಾನಿಸಬೇಕು. ಇಂಗ್ಲೆಂಡಿನ ಆಗ್ನೇಯ ಭಾಗದ ನೀರು ಸುಣ್ಣದ ಕಲ್ಲಿನೊಳಗಿಂದ ಬರುವ ಗಡಸು ನೀರು, ಅದರ ಸುಣ್ಣ ಕಟ್ಟಿಕೊಂಡು ಇಂಥ ಹೀಟರ್ ಕೆಡುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗೀಸರಿಗೆ ಏನು ಮಾಡುತ್ತದೆ ಎಂದು ಬಲ್ಲವರಿಗೆ ಇಲ್ಲಿನ ಕೆಟಲ್ಲಿನ ತಳದ ಬಿಳಿ ಹಕ್ಕಳೆ ಹೊಸದೇನಲ್ಲ.

ಯಾವೊಂದು ಉಪಕರಣವೂ ಒಂಟಿಯಾಗಿ ದೋಷಿಯಲ್ಲ, ಆದರೂ ಎಲ್ಲ ಸೇರಿದಾಗ ಬೀಳುತ್ತದೆ ಎಂಬ ಸ್ಥಿತಿಯೂ ಉಂಟು. ಕಂಪ್ಯೂಟರ್, ಚಾರ್ಜರ್‌ಗಳು ಸುಸ್ಥಿತಿಯಲ್ಲಿದ್ದಾಗಲೂ ಅತಿ ಸಣ್ಣ ಪ್ರಮಾಣದಲ್ಲಿ ಅರ್ತಿಗೆ ಕರೆಂಟು ಬಿಡುತ್ತವೆ. ಹೀಗೆ ಸಹಜವಾಗಿ ಸೋರುವುದೆಲ್ಲ ಸೇರಿ 9 ಮಿಲಿಆಂಪಿಯರ್ ಮೀರಬಾರದು ಎಂಬುದು ಇಲ್ಲಿನ ವೈರಿಂಗ್ ನಿಯಮಾವಳಿಯ ಲೆಕ್ಕ. ಇದಕ್ಕೆ ಪರಿಹಾರ ಮಾರ್ಗಗಳನ್ನು ಬೇರೆ ಬೇರೆ ಆರ್‌ಸಿಬಿಒಗಳಿಗೆ ಹಂಚುವುದು, ಅದು ಎಲೆಕ್ಟ್ರಿಷಿಯನ್ನರ ಕೆಲಸ.

ಊರಿನ ಉಪಕರಣಕ್ಕೆ ಇಲ್ಲಿನ ಪ್ಲಗ್

ನಿಮ್ಮ ಸ್ವಂತ ಉಪಕರಣಕ್ಕೆ ಪ್ಲಗ್ ಕೂಡಿಸುವುದನ್ನು ಯಾರೂ ಆಕ್ಷೇಪಿಸುವುದಿಲ್ಲ, ಆದರೆ ತಪ್ಪಿಲ್ಲದಂತೆ ಕೂಡಿಸಬೇಕು. ಇಲ್ಲಿನ ಬಿಎಸ್ 1363 (ಬ್ರಿಟಿಷ್ ಮಾನದಂಡದ ಚೌಕ ಪಿನ್ನಿನ) ಪ್ಲಗ್ಗಿನ ಮುಚ್ಚಳ ತೆಗೆದು, ಉದ್ದ ಪಿನ್ ಮೇಲೆ ಬರುವಂತೆ ಹಿಡಿದರೆ, ಮೇಲಿನದು ಅರ್ತ್, ಬಲಗಡೆ ಫ್ಯೂಸ್ ಇರುವುದು ಫೇಸ್, ಎಡಗಡೆಯದು ನ್ಯೂಟ್ರಲ್. ತಂತಿಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದು ಅರ್ತ್. ನಮ್ಮ ಹಳೆಯ ಉಪಕರಣಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಇರುತ್ತದೆ. ಬ್ರಿಟನ್ನಿನಲ್ಲಿಯೂ ಗೋಡೆಯೊಳಗಿನ ತಂತಿಗೆ ಕೆಂಪು ಮತ್ತು ಕಪ್ಪು ಬಣ್ಣವೇ ಇತ್ತು, 2004ರಿಂದ ಹೊಸ ಬಣ್ಣಗಳು ಬಂದು 2006ರ ಮಾರ್ಚ್ 31ರ ಬಳಿಕ ಹೊಸ ಕೆಲಸಕ್ಕೆ ಅವೇ ಕಡ್ಡಾಯವಾದವು. ಹೊಸ ಪದ್ಧತಿಯ ತ್ರೀ ಫೇಸ್ ಜೋಡಣೆಯಲ್ಲಿ ಕಪ್ಪು ಸಹ ಒಂದು ಫೇಸ್, ಆದ್ದರಿಂದ ಕಪ್ಪೆಂದರೆ ನ್ಯೂಟ್ರಲ್ ಎಂಬ ಊರಿನ ನಂಬಿಕೆಯನ್ನು ಇಲ್ಲಿನ ಗೋಡೆಯ ಮುಂದೆ ಬಿಟ್ಟುಬಿಡಬೇಕು.

ಅರ್ತ್ ತಂತಿಯನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡುವುದು ಕಸುಬು ಬಲ್ಲವರ ಕ್ರಮ. ಯಾರಾದರೂ ತಂತಿ ಎಡವಿ ಜಗ್ಗಿದರೆ ಮೊದಲು ಫೇಸ್ ಕಿತ್ತುಬರಬೇಕು, ಅರ್ತ್ ಕೊನೆಗೆ. ತಂತಿಯ ಹೊರಕವಚ ಹಿಡಿಕೆಯ ಪಟ್ಟಿಯೊಳಗೆ ಬಿಗಿಯಾಗಿ ಕೂರಬೇಕು. ಫ್ಯೂಸ್ ವಿಷಯದಲ್ಲಿ ಲೆಕ್ಕ ಸುಲಭ: 3 ಆಂಪಿಯರಿನದು ಸುಮಾರು 700 ವಾಟ್‌ವರೆಗೆ, ಅದಕ್ಕೂ ಮೇಲಿನದಕ್ಕೆ ಸಾಮಾನ್ಯವಾಗಿ 13. ಗ್ರೈಂಡರಿನ 150 ವಾಟ್ ಮೋಟಾರಿಗೆ 13 ಆಂಪಿಯರಿನ ಫ್ಯೂಸ್ ಹಾಕಿದರೆ ಅದರ ತೆಳು ತಂತಿಗೆ ರಕ್ಷಣೆಯೇ ಇಲ್ಲದಂತಾಗುತ್ತದೆ. 750 ವಾಟಿನ ಮಿಕ್ಸಿಗೆ 3 ಆಂಪಿಯರಿನದು ಸಾಲದು. ಚಳಿಗಾಲದಲ್ಲಿ ಒಂದೇ ಎಕ್ಸ್‌ಟೆನ್ಷನ್ ಹಲಗೆಗೆ 2 ಕಿಲೋವಾಟಿನ ಎರಡು ಹೀಟರ್ ಹಾಕುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದು 17 ಆಂಪಿಯರ್ ಮೀರುತ್ತದೆ, ಆದರೆ 13 ಆಂಪಿಯರಿನ ಫ್ಯೂಸ್ ಕೂಡಲೇ ಕರಗುವುದಿಲ್ಲ, ಪ್ಲಗ್ ಬಿಸಿಯೇರಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕೈಗೆ ಬಿಸಿ ತಾಗುವ ಪ್ಲಗ್ಗನ್ನು ದಯವಿಟ್ಟು ಅಲಕ್ಷ್ಯ ಮಾಡಬೇಡಿ.

ಯಾರು ಸರಿಪಡಿಸಬೇಕು, ಎಷ್ಟು ಖರ್ಚು

ಮನೆಯ ಸ್ಥಿರ ವೈರಿಂಗನ್ನು ಸುಸ್ಥಿತಿಯಲ್ಲಿಡುವುದು ಮನೆ ಮಾಲೀಕರ ಹೊಣೆ ಎಂದು 1985ರ ಮಾಲೀಕ ಮತ್ತು ಬಾಡಿಗೆದಾರರ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಇಂಗ್ಲೆಂಡಿನಲ್ಲಿ 2020ರ ನಿಯಮಗಳ ಪ್ರಕಾರ ಖಾಸಗಿ ಬಾಡಿಗೆ ಮನೆಗಳ ವೈರಿಂಗನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಅರ್ಹರಿಂದ ಪರೀಕ್ಷಿಸಿ, ವರದಿಯ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು. ಆ ವರದಿಯಲ್ಲಿ ಸಿ1 (ಈಗಲೇ ಅಪಾಯವಿದೆ) ಅಥವಾ ಸಿ2 (ಅಪಾಯವಾಗಬಹುದು) ಎಂದು ಗುರುತಿಸಿದ ದೋಷಗಳನ್ನು 28 ದಿನಗಳೊಳಗೆ, ವರದಿ ಇನ್ನೂ ಕಡಿಮೆ ಅವಧಿ ಹೇಳಿದ್ದರೆ ಅದರೊಳಗೆ, ಸರಿಪಡಿಸಬೇಕು. ಮನೆ ಹಿಡಿಯುವಾಗ ಕೀಲಿಕೈಯ ಜೊತೆಗೆ ಈ ವರದಿಯನ್ನೂ ಕೇಳಿ ಪಡೆಯಿರಿ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಬೇರೆ.

ಆದರೆ ಊರಿನಿಂದ ತಂದ ಗ್ರೈಂಡರ್ ನಿಮ್ಮದು. ಮಾಲೀಕರು ಕಳಿಸಿದ ಎಲೆಕ್ಟ್ರಿಷಿಯನ್ ಬಂದು, ಮನೆಯ ವೈರಿಂಗ್ ಚೆನ್ನಾಗಿದೆ, ದೋಷ ಬಾಡಿಗೆದಾರರ ಉಪಕರಣದಲ್ಲಿದೆ ಎಂದು ಬರೆದುಕೊಟ್ಟರೆ ಅವರು ಬಂದುಹೋದ ಹಣವನ್ನು ನಿಮ್ಮಿಂದ ಕೇಳುವ ಸಾಧ್ಯತೆ ಇದೆ. ಮೇಲಿನ ಪರೀಕ್ಷೆಗೆ ಹಿಡಿಯುವ ಒಂದು ಗಂಟೆ ಆ ಖರ್ಚನ್ನು ಉಳಿಸುತ್ತದೆ. ದೋಷ ನಿಜವಾಗಿ ಗೋಡೆಯೊಳಗಿದ್ದರೆ ಮಾಲೀಕರಿಗೆ ಲಿಖಿತವಾಗಿ ತಿಳಿಸಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸ್ವಿಚ್ ಬಿತ್ತು, ಎಲ್ಲ ಪ್ಲಗ್ ಕಿತ್ತ ಮೇಲೂ ಯಾವ ಮಾರ್ಗ ನಿಲ್ಲಲಿಲ್ಲ ಎಂಬುದನ್ನು ಚಿತ್ರದೊಂದಿಗೆ ಬರೆದರೆ ಬರುವವರಿಗೂ ಅರ್ಧ ಕೆಲಸ ಉಳಿಯುತ್ತದೆ.

ಬಿಲ್ಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ನಿವಾರಿಸಬೇಕು. ಅರ್ತ್ ಸೋರಿಕೆಯಿಂದ ಬಿಲ್ಲು ಎರಡರಷ್ಟಾಗಿದೆ ಎಂದು ಹಲವರು ಹೇಳುತ್ತಾರೆ. ಆರ್‌ಸಿಡಿ ಇರುವ ಮನೆಯಲ್ಲಿ ಅದು ಆಗಲಾರದು. ಸೋರಿಕೆ 30 ಮಿಲಿಆಂಪಿಯರ್ ತಲುಪುವಷ್ಟರಲ್ಲಿ ಸ್ವಿಚ್ ಬಿದ್ದಿರುತ್ತದೆ, ಅಲ್ಲಿಯವರೆಗಿನ ನಷ್ಟ ಹೆಚ್ಚೆಂದರೆ 7 ವಾಟ್, ಇಡೀ ದಿನಕ್ಕೆ ಯೂನಿಟ್ಟಿನ ಆರನೇ ಒಂದು ಭಾಗ. ಯೂನಿಟ್ಟಿಗೆ 25 ಪೆನ್ಸ್ ಎಂದು ಹಿಡಿದರೂ ನಾಲ್ಕು ಪೆನ್ಸ್ ಆಗುತ್ತದೆ. ಬಿಲ್ಲು ಏರಿದ್ದರೆ ಮೊದಲು ನೋಡಬೇಕಾದದ್ದು 3 ಕಿಲೋವಾಟಿನ ಇಮ್ಮರ್ಷನ್ ಹೀಟರನ್ನು. ಗ್ಯಾಸ್ ಬಾಯ್ಲರ್ ನೀರು ಕಾಯಿಸುತ್ತಿರುವ ಮನೆಯಲ್ಲಿ ಅದರ ಸ್ವಿಚ್ಚನ್ನು ಯಾರೋ ಹಾಕಿ ಮರೆತಿರುತ್ತಾರೆ. ದಿನಕ್ಕೆ ಎರಡು ಗಂಟೆ ಉರಿದರೆ 6 ಯೂನಿಟ್, ಅಂದರೆ ಒಂದೂವರೆ ಪೌಂಡ್, ತಿಂಗಳಿಗೆ 45 ಪೌಂಡ್. ಅದೇ ಗ್ರೈಂಡರ್ ಅರ್ಧ ಗಂಟೆ ಓಡಿದರೆ ಖರ್ಚು ಎರಡು ಪೆನ್ಸ್.

ಅಕ್ಕನ ಗ್ರೈಂಡರಿನ ಮಾತು ಮುಗಿಸುತ್ತೇನೆ. ಸಾಮಾನ್ಯ ಮಲ್ಟಿಮೀಟರ್ ಕೆಲವೇ ವೋಲ್ಟಿನಲ್ಲಿ ಅಳೆಯುವುದರಿಂದ ಇಂಥ ಸೋರಿಕೆ ಅದಕ್ಕೆ ಸಿಕ್ಕದೆ ಹೋಗಬಹುದು. ಹಾಗಾಗಿ 500 ವೋಲ್ಟಿನ ಇನ್ಸುಲೇಷನ್ ಟೆಸ್ಟರ್ ತಂದು, ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳನ್ನು ಒಂದುಗೂಡಿಸಿ ಅರ್ತ್ ಪಿನ್ನಿನ ಎದುರು ಅಳೆದೆ. ಮುಳ್ಳು 0.01 ಮೆಗಾಓಮ್ ತೋರಿಸಿತು. ಬಿಸಿನೀರಿನ ಟ್ಯಾಂಕಿರುವ ಬಟ್ಟೆ ಕಪಾಟಿನಲ್ಲಿ ಮೂರು ದಿನ ಒಣಗಿಸಿದ ಮೇಲೆ 0.4ಕ್ಕೆ ಏರಿತು, ಒಂದಕ್ಕೆ ಏರಲಿಲ್ಲ. ತಳದ ತಿರುಪುಗಳನ್ನು ಬಿಚ್ಚಿ ನೋಡಿದಾಗ, ಡ್ರಮ್ ತಿರುಗುವ ದಂಡದ ಸುತ್ತಲಿನ ರಬ್ಬರ್ ಬಳೆ ಸವೆದು, ಅಲ್ಲಿಂದ ಇಳಿದ ಹಿಟ್ಟಿನ ನೀರು ಮೋಟಾರಿನ ಸುರುಳಿಯ ಒಂದು ಬದಿಗೆ ಹಿಡಿದು, ಒಣಗಿ, ಬೆರಳಿನ ಉಗುರಿನಷ್ಟು ದಪ್ಪದ ಹಳದಿ ಚಕ್ಕೆಯಾಗಿ ಕುಳಿತಿತ್ತು. ಅದರ ಕೆಳಗೆ ತಾಮ್ರದ ವಾರ್ನಿಷ್ ಹಸಿರುಗಟ್ಟಿತ್ತು. ಭಾವ ಅದನ್ನು ಬಹಳ ಹೊತ್ತು ನೋಡಿ, ಟೇಪು ಹಚ್ಚಿದ ಪ್ಲಗ್ಗನ್ನೂ ಅಡಾಪ್ಟರನ್ನೂ ತಾವೇ ಕಸದ ಬುಟ್ಟಿಗೆ ಹಾಕಿದರು.

ಆ ವರ್ಷದ ಡಿಸೆಂಬರಿನಲ್ಲಿ ಅಕ್ಕ ಊರಿಗೆ ಹೋಗುವಾಗ ಮೋಟಾರನ್ನು ಸೂಟ್‌ಕೇಸಿನಲ್ಲಿ ಒಯ್ದು, ಮೈಸೂರಿನಲ್ಲಿ ರೀವೈಂಡಿಂಗ್ ಮಾಡಿಸಿ, ಎರಡು ಹೊಸ ರಬ್ಬರ್ ಬಳೆಗಳೊಂದಿಗೆ ತಂದಳು. ಜೋಡಿಸಿದ ಮೇಲೆ ಟೆಸ್ಟರ್ 20 ಮೆಗಾಓಮ್ ದಾಟಿತು. 3 ಆಂಪಿಯರ್ ಫ್ಯೂಸಿನ ಅದೇ ಪ್ಲಗ್ ಹಾಕಿ, ಮೊದಲು ಆರ್‌ಸಿಡಿಯ ಪರೀಕ್ಷಾ ಗುಂಡಿ ಒತ್ತಿ ಅದು ಬೀಳುತ್ತದೆ ಎಂಬುದನ್ನು ಖಚಿತಪಡಿಸಿಕೊಂಡು, ಮತ್ತೆ ಎತ್ತಿ, ಗ್ರೈಂಡರ್ ಹಾಕಿದೆವು. ಅರ್ಧ ಗಂಟೆ ರುಬ್ಬಿದರೂ ಸ್ವಿಚ್ ಎತ್ತಿದಲ್ಲಿಯೇ ನಿಂತಿತ್ತು. ಈಗ ಅಕ್ಕ ಆರು ತಿಂಗಳಿಗೊಮ್ಮೆ ಆ ಗುಂಡಿಯನ್ನು ಒತ್ತಿ ನೋಡುತ್ತಾಳೆ, ಡ್ರಮ್ ಒರೆಸುವ ಮೊದಲು ಪ್ಲಗ್ ಕೀಳುತ್ತಾಳೆ.